ಬೇಸಿಗೆಯಲ್ಲಿ ತರಕಾರಿ ಗಿಡ ಸೊರಗಿದಾಗ ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ?

ಮಧ್ಯಾಹ್ನ ಎರಡು ಗಂಟೆಗೆ ಕೈತೋಟಕ್ಕೆ ಹೋದರೆ ಕುಂಬಳದ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿರುತ್ತವೆ. ನೋಡಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಕೈ ತಾನಾಗಿಯೇ ನೀರಿನ ಪೈಪಿನ ಕಡೆ ಹೋಗುತ್ತದೆ. ಒಂದು ಬೇಸಿಗೆಯಲ್ಲಿ ಹೀಗೇ ದಿನಕ್ಕೆ ಮೂರು ಸಲ ನೀರು ಹಾಕಿ ಆರು ದೊಣ್ಣೆ ಮೆಣಸಿನ ಗಿಡಗಳನ್ನು ಕಳೆದುಕೊಂಡೆ. ಅವು ಬಾಯಾರಿ ಸತ್ತಿರಲಿಲ್ಲ. ಕಿತ್ತು ನೋಡಿದಾಗ ಬೇರು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಿಪ್ಪೆ ಜಾರುವಷ್ಟು ಕೊಳೆತಿತ್ತು. ಸದಾ ಕೆಸರಾಗಿದ್ದ ಮಣ್ಣಿನಲ್ಲಿ ಬೇರಿಗೆ ಗಾಳಿಯೇ ಸಿಕ್ಕಿರಲಿಲ್ಲ.

ಬೇಸಿಗೆಯಲ್ಲಿ ಇದೇ ಕಷ್ಟ. ನೀರು ಕಡಿಮೆಯಾದರೂ ಗಿಡ ಬಾಡುತ್ತದೆ, ಜಾಸ್ತಿಯಾದರೂ ಬಾಡುತ್ತದೆ. ಬೇರಿಗೆ ರೋಗ ಬಂದರೂ ಬಾಡುತ್ತದೆ. ಏನೂ ಆಗದಿದ್ದರೂ ಉರಿ ಬಿಸಿಲಿಗೆ ಸ್ವಲ್ಪ ಬಾಡುತ್ತದೆ. ನೋಡಲು ಎಲ್ಲ ಒಂದೇ ಥರ, ಮಾಡಬೇಕಾದ ಕೆಲಸ ಮಾತ್ರ ಬೇರೆ ಬೇರೆ. ಅದಕ್ಕೇ ನೀರು, ಗೊಬ್ಬರ, ಔಷಧಿ ಯಾವುದಕ್ಕೂ ಕೈ ಹಾಕುವ ಮೊದಲು ಎರಡು ಪರೀಕ್ಷೆ ಮಾಡಿ. ಎರಡಕ್ಕೂ ಖರ್ಚಿಲ್ಲ.

ಮೊದಲು ಈ ಎರಡು ಪರೀಕ್ಷೆ

ಒಂದನೆಯದು, ಬೆಳಗಿನ ನೋಟ. ಸೂರ್ಯ ಹುಟ್ಟುವ ಹೊತ್ತಿಗೆ ಗಿಡದ ಮುಂದೆ ನಿಂತು ನೋಡಿ. ರಾತ್ರಿಯಿಡೀ ಬಿಸಿಲಿಲ್ಲ, ಎಲೆಯಿಂದ ನೀರು ಆವಿಯಾಗಿ ಹೋಗುವುದು ಬಹಳ ಕಡಿಮೆ. ಬೇರಿಗೆ ನೀರು ಸಿಗುತ್ತಿದ್ದರೆ ಗಿಡ ಅಷ್ಟರಲ್ಲಿ ತುಂಬಿಕೊಂಡು ನೆಟ್ಟಗೆ ನಿಂತಿರಬೇಕು.

ಎರಡನೆಯದು, ಬೆರಳಿನ ಪರೀಕ್ಷೆ. ಬುಡದಿಂದ ಒಂದು ಗೇಣು ದೂರದಲ್ಲಿ ತೋರುಬೆರಳನ್ನು ಎರಡು ಗೆಣ್ಣಿನಷ್ಟು, ಅಂದರೆ ಸುಮಾರು 5 ಸೆಂ.ಮೀ. ಆಳಕ್ಕೆ ಇಳಿಸಿ. ಮೇಲಿನ ಮಣ್ಣಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಬೇಸಿಗೆಯಲ್ಲಿ ಮೇಲಿನ ಒಂದಿಂಚು ಯಾವಾಗಲೂ ಒಣಗಿಯೇ ಇರುತ್ತದೆ. ಕುಂಡವಾದರೆ ಎತ್ತಿ ನೋಡುವುದು ಇನ್ನೂ ಸುಲಭ. ನೀರು ಕುಡಿದ ಕುಂಡದ ತೂಕ ಎರಡು ದಿನ ಎತ್ತಿ ನೋಡಿದರೆ ಕೈಗೇ ಗೊತ್ತಾಗಿಬಿಡುತ್ತದೆ.

ಈಗ ಎರಡನ್ನೂ ಸೇರಿಸಿ ನೋಡಿ. ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ಅಥವಾ ಬೆಳಗ್ಗೆಗೆ ಎದ್ದು ನಿಂತಿದ್ದು, ಮಣ್ಣಿನೊಳಗೆ ತೇವವಿದ್ದರೆ ಅದಕ್ಕೆ ರೋಗವಿಲ್ಲ. ಎಲೆ ಕಳೆದುಕೊಳ್ಳುವಷ್ಟು ವೇಗದಲ್ಲಿ ಬೇರು ನೀರು ಎಳೆಯಲಾರದೆ ಗಿಡ ಎಲೆ ಇಳಿಬಿಟ್ಟಿದೆ, ಅಷ್ಟೇ. ಕುಂಬಳ, ಸೌತೆ, ಸೋರೆಯಂಥ ಅಗಲ ಎಲೆಯ ಬಳ್ಳಿಗಳು ಇದನ್ನು ದಿನಾ ಮಾಡುತ್ತವೆ. ಸುಮ್ನೆ ಬಿಡಿ. ಬೆಳಗ್ಗೆಯೂ ಬಾಡಿದೆ, ಮಣ್ಣೂ ಒಣಗಿದೆ ಎಂದರೆ ನೀರಿನ ಕೊರತೆ. ಬೆಳಗ್ಗೆ ಬಾಡಿದೆ ಆದರೆ ಮಣ್ಣು ಒದ್ದೆ ಇದೆ ಎಂದರೆ ಬೇರಿನಲ್ಲೋ ಕಾಂಡದಲ್ಲೋ ತೊಂದರೆ ಇದೆ. ಅಂಥ ಗಿಡಕ್ಕೆ ಇನ್ನಷ್ಟು ನೀರು ಸುರಿಯುವುದು ತುಂಬಾ ಕೆಟ್ಟದ್ದು.

ನೀರು ಹಾಕಿದರೂ ಮಣ್ಣು ಒಣಗೇ ಇದೆ

ಇದನ್ನು ತುಂಬಾ ಜನ ನಂಬುವುದಿಲ್ಲ. ಮಣ್ಣು ಪೂರ್ತಿ ಒಣಗಿದ ಮೇಲೆ, ಅದರಲ್ಲೂ ತೆಂಗಿನ ನಾರಿನ ಪುಡಿ ಮತ್ತು ಎಲೆಗೊಬ್ಬರ ಜಾಸ್ತಿ ಇರುವ ಕುಂಡದ ಮಣ್ಣು, ನೀರನ್ನು ಹೀರಿಕೊಳ್ಳುವ ಬದಲು ತಳ್ಳಿಬಿಡುತ್ತದೆ. ಮಣ್ಣು ಕುಗ್ಗಿ ಕುಂಡದ ಗೋಡೆಗೂ ಅದಕ್ಕೂ ನಡುವೆ ಸಂದು ಬಿದ್ದಿರುತ್ತದೆ. ನೀರು ಆ ಸಂದಿನಲ್ಲಿ ಇಳಿದು ಕೆಳಗಿನ ತೂತಿನಿಂದ ಹೊರಗೆ ಬರುತ್ತದೆ. ನೀರು ಹೊರಬಂತಲ್ಲ, ಸಾಕಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಒಳಗಿನ ಬೇರಿನ ಉಂಡೆಗೆ ಹನಿ ನೀರೂ ತಾಗಿರುವುದಿಲ್ಲ.

ಕುಂಡವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಅಂಚಿನವರೆಗೆ ಮುಳುಗಿಸಿಡಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ನೀರು ಬಸಿಯಲು ಬಿಡಿ. ಎತ್ತಲಾಗದ ದೊಡ್ಡ ಕುಂಡವಾದರೆ ಒಂದು ಕೋಲಿನಿಂದ ಅಲ್ಲಲ್ಲಿ ಮೆಲ್ಲಗೆ ಚುಚ್ಚಿ, ಸ್ವಲ್ಪ ನೀರು ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಮೂರನೆಯ ಸಲಕ್ಕೆ ಮಣ್ಣು ಕುಡಿಯಲು ಶುರು ಮಾಡುತ್ತದೆ.

ನೆಲದ ಪಾತಿಯಲ್ಲಿ ತಪ್ಪು ಬೇರೆ. ಸಂಜೆ ಹೊತ್ತು ಐದು ನಿಮಿಷ ಪೈಪ್ ಹಿಡಿದು ನಿಂತರೆ ಮೇಲಿನ ಎರಡು ಸೆಂ.ಮೀ. ಮಾತ್ರ ನೆನೆಯುತ್ತದೆ. ಬೇರು ಆ ತೇವ ಹುಡುಕಿಕೊಂಡು ಮೇಲಕ್ಕೇ ಬರುತ್ತದೆ, ಮರುದಿನ ಬಿಸಿಲಿಗೆ ಬೇಯುತ್ತದೆ. ಲೆಕ್ಕ ಸರಳ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು ಹಾಕಿದರೆ ಅದು 1 ಮಿ.ಮೀ. ಮಳೆಗೆ ಸಮ. ಬಿಸಿಯಾದ ಒಣ ದಿನದಲ್ಲಿ ತುಂಬಿ ಬೆಳೆದ ಪಾತಿ ಸುಮಾರು 6ರಿಂದ 8 ಮಿ.ಮೀ. ನೀರು ಕಳೆದುಕೊಳ್ಳುತ್ತದೆ. ಎರಡು ದಿನಕ್ಕೊಮ್ಮೆ ನೀರು ಹಾಕುವವರು ಪ್ರತಿ ಚದರ ಮೀಟರಿಗೆ 15 ಲೀಟರಿನಷ್ಟು ನಿಧಾನವಾಗಿ ಇಳಿಸಬೇಕು. ಮರಳು ಮಣ್ಣಾದರೆ ದಿನಾ ಅರ್ಧ ಅರ್ಧ ಹಾಕಿ, ಅದು ಜಾಸ್ತಿ ಹಿಡಿದಿಡುವುದಿಲ್ಲ. ನೀರು ಹಾಕಿ ಒಂದು ಗಂಟೆ ಬಿಟ್ಟು ಚಿಕ್ಕ ಗುಂಡಿ ತೋಡಿ ನೋಡಿ. 15 ಸೆಂ.ಮೀ. ಆಳದಲ್ಲಿ ತೇವ ಸಿಕ್ಕಿದರೆ ಸರಿ.

ನಸುಕಿನಲ್ಲಿ ನೀರು ಹಾಕುವುದು ಒಳ್ಳೆಯದು. ಆದರೆ ಮಧ್ಯಾಹ್ನ ಮಣ್ಣು ಪೂರ್ತಿ ಒಣಗಿ ಗಿಡ ಸಾಯುವ ಹಾಗಿದ್ದರೆ ಸಂಜೆಯವರೆಗೆ ಕಾಯಬೇಡಿ, ಆಗಲೇ ಬುಡಕ್ಕೆ ನೀರು ಕೊಡಿ. ಎಲೆ ಮೇಲಿನ ನೀರಿನ ಹನಿ ಭೂತಗನ್ನಡಿಯ ಹಾಗೆ ಎಲೆ ಸುಡುತ್ತದೆ ಎಂಬ ಮಾತಿಗೆ ತರಕಾರಿ ಗಿಡಗಳ ಮಟ್ಟಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ಬಿಸಿಲಲ್ಲಿ ಬಿದ್ದಿರುವ ಪೈಪಿನೊಳಗಿನ ನೀರಿಗೆ. ಅದು ಕೈ ಸುಡುವಷ್ಟು ಕಾದಿರುತ್ತದೆ. ಮೊದಲು ಬಕೆಟ್ಟಿಗೆ ಬಿಟ್ಟು, ತಣ್ಣಗಿನ ನೀರು ಬಂದ ಮೇಲೆ ಗಿಡಕ್ಕೆ ಹಿಡಿಯಿರಿ.

ಇನ್ನೊಂದು ಕೆಲಸ ಮಾಡಿದರೆ ಈ ಭಾಗದ ಅರ್ಧ ತೊಂದರೆ ತಾನಾಗಿ ಕಡಿಮೆಯಾಗುತ್ತದೆ: ಹೊದಿಕೆ. ಒಣ ಎಲೆ, ಹುಲ್ಲು, ಹೊಟ್ಟು, ಏನಾದರೂ ಸರಿ, 5ರಿಂದ 8 ಸೆಂ.ಮೀ. ದಪ್ಪಕ್ಕೆ ಹಾಸಿ. ಮಣ್ಣು ನೆನೆಸಿದ ಮೇಲೆ ಹಾಸಬೇಕು, ಒಣ ಮಣ್ಣಿನ ಮೇಲೆ ಹಾಸಿದರೆ ಅದು ಒಣಗಿಯೇ ಉಳಿಯುತ್ತದೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ.

ಮಣ್ಣು ಒದ್ದೆ, ಆದರೂ ಬೆಳಗ್ಗೆ ಬಾಡಿದೆ

ಒಂದು ಗಿಡವನ್ನು ಬಲಿ ಕೊಡಬೇಕಾಗುತ್ತದೆ. ತೀರಾ ಸೊರಗಿದ ಗಿಡವನ್ನು ಸಲಿಕೆಯಿಂದ ಬೇರುಸಮೇತ ಎತ್ತಿ, ಬೇರು ತೊಳೆದು ನೋಡಿ. ಆರೋಗ್ಯದ ಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕಂದಾಗಿ, ವಾಸನೆ ಬಂದು, ಎಳೆದರೆ ಸಿಪ್ಪೆ ಕಳಚುತ್ತಿದ್ದರೆ ನೀರು ನಿಂತು ಕೊಳೆತಿದೆ. ಉಳಿದ ಗಿಡಗಳಿಗೆ ನೀರು ನಿಲ್ಲಿಸಿ, ಕುಂಡದ ತೂತು ಕಟ್ಟಿದೆಯೇ ನೋಡಿ, ಕೆಳಗಿನ ತಟ್ಟೆ ತೆಗೆದುಬಿಡಿ.

ಬೇರಿನಲ್ಲಿ ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು. ಅಲಸಂದೆ, ಬೀನ್ಸ್ ಬೇರಿನಲ್ಲೂ ಗಂಟು ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಅವು ಸಾರಜನಕ ಹಿಡಿದುಕೊಡುವ ಒಳ್ಳೆಯ ಗಂಟುಗಳು. ಬೆರಳಿನಿಂದ ಉಜ್ಜಿದರೆ ಕಳಚಿ ಬೀಳುತ್ತವೆ, ಒಳಗೆ ನಸುಗೆಂಪು ಬಣ್ಣವಿರುತ್ತದೆ. ಜಂತುಹುಳುವಿನ ಗಂಟು ಕಳಚುವುದಿಲ್ಲ, ಬೇರೇ ಊದಿಕೊಂಡಿರುತ್ತದೆ. ಈ ಬೆಳೆಗೆ ಮದ್ದಿಲ್ಲ. ಮುಂದಿನ ಬೆಳೆಗೆ ಮೊದಲು ಬೇಸಿಗೆಯ ಬಿಸಿಲನ್ನೇ ಬಳಸಿಕೊಳ್ಳಿ. ಪಾತಿಯನ್ನು ಚೆನ್ನಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯಲ್ಲಿ ಮಣ್ಣು ಚೆನ್ನಾಗಿ ಕಾಯುತ್ತದೆ.

ಬೇರು ಚೆನ್ನಾಗಿದೆಯೇ? ಹಾಗಾದರೆ ಕಾಂಡ ನೋಡಿ. ಟೊಮೆಟೊ, ಬದನೆ ಗಿಡಗಳು ಹಸಿರಾಗಿರುವಾಗಲೇ ಎರಡು ಮೂರು ದಿನದಲ್ಲಿ ದಿಢೀರನೆ ಕುಸಿದಿದ್ದರೆ ಗಾಜಿನ ಲೋಟದ ಪರೀಕ್ಷೆ ಮಾಡಿ. ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಕತ್ತರಿಸಿದ ತುದಿ ತಿಳಿ ನೀರಿಗೆ ತಾಗುವಂತೆ ಅಲುಗಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿದು ಬಂದರೆ ಅದು ದುಂಡಾಣು ಸೊರಗು ರೋಗ. ಮೊದಲ ಸಲ ಆ ಎಳೆ ನೋಡಿದಾಗ ನನಗೆ ತುಂಬಾ ಸಂಕಟವಾಯಿತು. ಆದರೆ ಅನುಮಾನ ಹೋಗಿ ಖಚಿತವಾಯಿತಲ್ಲ, ಅದೂ ಮುಖ್ಯ. ಇದಕ್ಕೆ ಸಿಂಪಡಿಸುವ ಔಷಧಿ ಯಾವುದೂ ಕೆಲಸ ಮಾಡುವುದಿಲ್ಲ. ಗಿಡ ಕಿತ್ತು ತೋಟದಿಂದ ಹೊರಗೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಕತ್ತರಿ, ಸಲಿಕೆ ತೊಳೆಯಿರಿ. ಆ ಜಾಗದಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಹಾಕಬೇಡಿ, ನಾಲ್ಕೂ ಒಂದೇ ಕುಟುಂಬ.

ಎಳೆ ಬರಲಿಲ್ಲ, ಆದರೆ ಕೆಳಗಿನ ಎಲೆಗಳು ಮೊದಲು ಹಳದಿಯಾಗಿ, ಕೆಲವು ಸಲ ಗಿಡದ ಒಂದೇ ಪಕ್ಕ ಒಣಗಿ, ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಕಂಡರೆ ಅದು ಶಿಲೀಂಧ್ರದ ಸೊರಗು ರೋಗ. ಕ್ರಮ ಹೆಚ್ಚು ಕಡಿಮೆ ಅದೇ. ಮುಂದಿನ ಸಲ ಈ ರೋಗ ತಡೆಯುವ ತಳಿಯ ಬೀಜ ಹುಡುಕಿ.

ಹೂ ತುಂಬಾ ಇದೆ, ಕಾಯಿ ಕಟ್ಟುತ್ತಿಲ್ಲ

ಟೊಮೆಟೊ ಹೂವು ತೊಟ್ಟಿನ ಗೆಣ್ಣಿನಲ್ಲಿ ಹಳದಿಯಾಗಿ ಉದುರುತ್ತಿದ್ದರೆ ಮೊದಲು ಥರ್ಮಾಮೀಟರ್ ನೋಡಿ, ಗೊಬ್ಬರದ ಚೀಲವನ್ನಲ್ಲ. ಹಗಲು 32ರಿಂದ 35 ಡಿಗ್ರಿ ದಾಟಿ, ರಾತ್ರಿಯೂ 22–24 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಪರಾಗ ಕೆಡುತ್ತದೆ. ಬೀನ್ಸ್ ಮತ್ತು ದೊಣ್ಣೆ ಮೆಣಸಿನ ಕಥೆಯೂ ಇದೇ. ಹಗಲಿನ ಬಿಸಿಲಿಗೆ ಎಲ್ಲರೂ ಬೈಯುತ್ತಾರೆ. ಬೆಚ್ಚಗಿನ ರಾತ್ರಿಯೂ ಅಷ್ಟೇ ಹಾಳು ಮಾಡುತ್ತದೆ ಎನ್ನುವುದು ನೆನಪಿರಲಿ.

ಈ ಹೊತ್ತಿನಲ್ಲಿ ಸಾರಜನಕದ ಗೊಬ್ಬರ ಹಾಕಿದರೆ ಎಲೆ ಸೊಂಪಾಗಿ ಬೆಳೆಯುತ್ತದೆ, ಹೂ ಮಾತ್ರ ಇನ್ನೂ ಉದುರುತ್ತದೆ. ಗಿಡವನ್ನು ಜೀವಂತವಾಗಿ ಉಳಿಸಿಕೊಳ್ಳುವುದಷ್ಟೇ ಕೆಲಸ. ಪಶ್ಚಿಮದ ಬಿಸಿಲಿಗೆ ಅಡ್ಡವಾಗಿ 30ರಿಂದ 40 ಶೇಕಡಾ ನೆರಳಿನ ಬಲೆ ಕಟ್ಟಿ. 75 ಶೇಕಡಾ ಬಲೆ ಕಾಯಿ ಬಿಡುವ ಗಿಡಕ್ಕೆ ಬೇಡ, ಬೆಳಕು ಸಾಲದೆ ಗಿಡ ಉದ್ದುದ್ದ ಬೆಳೆದು ಬಳುಕುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೆ ಟೊಮೆಟೊ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಅಷ್ಟಿಷ್ಟು ಉಪಯೋಗವಿದೆ. ರಾತ್ರಿ ತಣ್ಣಗಾಗಲು ಶುರುವಾದ ಮೇಲೆ ಹೊಸ ಹೂಗಳು ತಾವಾಗಿಯೇ ಕಾಯಿ ಕಟ್ಟುತ್ತವೆ. ಅದಕ್ಕೇ ಬರೀ ಹೂ ಉದುರಿಸುವ ಗಿಡವನ್ನು ಸಿಟ್ಟಿನಿಂದ ಕಿತ್ತು ಎಸೆಯಬೇಡಿ.

ಸೌತೆ, ಹೀರೆ, ಕುಂಬಳದಲ್ಲಿ ಲೆಕ್ಕ ಬೇರೆ. ಮೊದಲು ಬರುವುದು ಗಂಡು ಹೂ, ಅವು ಉದುರಲೇಬೇಕು. ಬಿಸಿ ಜಾಸ್ತಿಯಾದಷ್ಟೂ ಗಂಡು ಹೂವೇ ಜಾಸ್ತಿ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿಯಂಥ ಉಬ್ಬು ಇರುತ್ತದೆ. ಆ ಪುಟ್ಟ ಕಾಯಿ ಹಳದಿಯಾಗಿ ಮುರುಟಿದರೆ ಪರಾಗ ತಲುಪಿಲ್ಲ ಎಂದು ಅರ್ಥ. ಅವತ್ತೇ ಅರಳಿದ ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವಿಗೆ ಮುಟ್ಟಿಸಿ. ಕುಂಬಳಕ್ಕೆ ಬೆಳಗ್ಗೆ ಬೇಗ. ಹೀರೆ ಸಂಜೆ ಅರಳುತ್ತದೆ, ಅದಕ್ಕೆ ಸಂಜೆಯೇ ಹೋಗಬೇಕು.

ಕಾಯಿಯ ಮೇಲಿನ ಕಲೆಗಳು

ಕಲೆ ಎಲ್ಲಿದೆ ಎನ್ನುವುದೇ ಉತ್ತರ. ಟೊಮೆಟೊ ಅಥವಾ ದೊಣ್ಣೆ ಮೆಣಸಿನ ತಳದಲ್ಲಿ, ಹೂ ಉದುರಿದ ತುದಿಯಲ್ಲಿ, ಕಪ್ಪಗೆ ಚರ್ಮದಂತೆ ಒಳಕ್ಕೆ ಕುಸಿದ ಕಲೆ ಇದ್ದರೆ ಅದು ತುದಿ ಕೊಳೆ. ಇದು ಒಂದು ಕಾಯಿಯಿಂದ ಇನ್ನೊಂದಕ್ಕೆ ಹರಡುವ ರೋಗವಲ್ಲ. ಕಾಯಿಯ ತುದಿಗೆ ಸುಣ್ಣದ ಅಂಶ (ಕ್ಯಾಲ್ಸಿಯಂ) ತಲುಪಿಲ್ಲ. ಅದು ನೀರಿನ ಜೊತೆಗೇ ಹರಿದು ಬರಬೇಕು, ಬಿಸಿಲಿನಲ್ಲಿ ನೀರೆಲ್ಲ ಎಲೆಗಳ ಕಡೆ ಹೋಗುತ್ತದೆ, ಕಾಯಿಗೆ ಉಳಿಯುವುದಿಲ್ಲ. ಎರಡು ದಿನ ಒಣಗಿಸಿ ಮೂರನೆಯ ದಿನ ಮುಳುಗಿಸುವ ತೋಟದಲ್ಲಿ ಇದು ಖಂಡಿತ ಬರುತ್ತದೆ. ಮೊಟ್ಟೆಯ ಸಿಪ್ಪೆ ಹಾಕಿ ಎಂದು ತುಂಬಾ ಜನ ಹೇಳುತ್ತಾರೆ. ಸಿಪ್ಪೆ ಕರಗಲು ತಿಂಗಳುಗಟ್ಟಲೆ ಬೇಕು, ಈಗಿನ ಕಾಯಿಗೆ ಅದು ಸಿಗುವುದಿಲ್ಲ. ಎಷ್ಟೋ ಸಲ ಮಣ್ಣಿನಲ್ಲಿ ಸುಣ್ಣದ ಅಂಶಕ್ಕೆ ಕೊರತೆಯೂ ಇರುವುದಿಲ್ಲ. ಕಲೆಯಾದ ಕಾಯಿ ಕಿತ್ತು ಹಾಕಿ, ಹೊದಿಕೆ ಹಾಸಿ, ನೀರಿನ ಅಳತೆ ಮತ್ತು ಹೊತ್ತು ತಪ್ಪದಂತೆ ನೋಡಿಕೊಳ್ಳಿ. ಮುಂದಿನ ಗೊಂಚಲು ಸರಿಯಾಗಿ ಬರುತ್ತದೆ.

ಬಿಸಿಲಿಗೆ ಮುಖ ಮಾಡಿದ ಪಕ್ಕದಲ್ಲಿ ಬಿಳಿಚಿಕೊಂಡು ಕಾಗದದಂತಾದ ಕಲೆ ಇದ್ದರೆ ಅದು ಬಿಸಿಲಿನ ಸುಟ್ಟಗಾಯ. ಗಾಳಿಯಾಡಲಿ ಎಂದು ಎಲೆ ಸವರಿದ ವಾರದಲ್ಲೇ ಇದು ಕಾಣುತ್ತದೆ. ಬೇಸಿಗೆಯಲ್ಲಿ ಕಾಯಿಯ ಮೇಲಿನ ಎಲೆ ಕೀಳಬೇಡಿ.

ಟೊಮೆಟೊ ಬಲಿತಿದೆ, ಆದರೆ ಕಿತ್ತಳೆ ಬಣ್ಣದಲ್ಲೇ ನಿಂತಿದೆ ಎಂದರೆ ಅದೂ ರೋಗವಲ್ಲ. ಕೆಂಪು ಬಣ್ಣ ಕೊಡುವ ಲೈಕೋಪೀನ್ 30 ಡಿಗ್ರಿ ದಾಟಿದರೆ ಸರಿಯಾಗಿ ಹುಟ್ಟುವುದಿಲ್ಲ. ಬಣ್ಣ ತಿರುಗಲು ಶುರುವಾದ ಕೂಡಲೇ ಕಿತ್ತು ಮನೆಯೊಳಗೆ ನೆರಳಿನಲ್ಲಿಡಿ, ಅಲ್ಲಿ ಕೆಂಪಾಗುತ್ತದೆ.

ಎಲೆ ಮುದುಡಿದೆ

ಯಾವ ಎಲೆ, ಯಾವ ಕಡೆಗೆ? ಟೊಮೆಟೊದ ಕೆಳಗಿನ ಹಳೆಯ ಎಲೆಗಳು ಮೇಲಕ್ಕೆ ಸುರುಳಿ ಸುತ್ತಿ, ದಪ್ಪಗೆ ಹಸಿರಾಗಿಯೇ ಇದ್ದರೆ ಗಿಡ ಬಿಸಿಲು ತಪ್ಪಿಸಿಕೊಳ್ಳುತ್ತಿದೆ, ಬಿಟ್ಟುಬಿಡಿ. ತುದಿಯ ಎಳೆ ಎಲೆಗಳು ಚಿಕ್ಕದಾಗಿ, ಅಂಚು ಹಳದಿಯಾಗಿ, ಬಟ್ಟಲಿನಂತೆ ಮುದುಡಿ ಗಿಡ ಕುಳ್ಳಗೆ ನಿಂತಿದ್ದರೆ ಅದು ಬಿಳಿ ನೊಣ ತಂದ ನಂಜು (ವೈರಸ್) ರೋಗ. ಗಿಡ ಅಲುಗಿಸಿದರೆ ಸಣ್ಣ ಬಿಳಿ ನೊಣಗಳು ಹಾರುತ್ತವೆ. ಆ ಗಿಡ ಇನ್ನು ಸುಧಾರಿಸುವುದಿಲ್ಲ. ಪಕ್ಕದ ಗಿಡಗಳನ್ನು ಉಳಿಸಲು ಅದನ್ನು ಬೇಗ ತೆಗೆಯಿರಿ. ಮೆಣಸಿನ ಗಿಡದಲ್ಲಿ ಎಲೆ ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಬಾಗಿ ತೊಟ್ಟು ಉದ್ದವಾಗಿದ್ದರೆ ನುಸಿ. ಇದನ್ನು ನೋಡದೆ ಔಷಧಿ ತಂದರೆ ದುಡ್ಡು ದಂಡ, ಏಕೆಂದರೆ ನುಸಿಗೆ ಎಂಟು ಕಾಲು, ಅದು ಕೀಟವೇ ಅಲ್ಲ. ಎಷ್ಟೋ ಕೀಟನಾಶಕಗಳು ಅದನ್ನು ತಿನ್ನುವ ಒಳ್ಳೆಯ ಹುಳುಗಳನ್ನು ಕೊಂದು ನುಸಿಯನ್ನೇ ಹೆಚ್ಚಿಸುತ್ತವೆ.

ಎಲೆಯ ಮೇಲೆ ಸೂಜಿಮೊನೆಯಂಥ ಹಳದಿ ಚುಕ್ಕಿ ತುಂಬಿ, ದೂರದಿಂದ ಧೂಳು ಹಿಡಿದಂತೆ ಕಂಡರೆ ಜೇಡ ನುಸಿ ಇರಬಹುದು. ಬಿಳಿ ಕಾಗದ ಹಿಡಿದು ಎಲೆಯನ್ನು ಅದರ ಮೇಲೆ ತಟ್ಟಿ. ಬಿದ್ದ ಚುಕ್ಕಿಗಳು ನಡೆಯಲು ಶುರು ಮಾಡಿದರೆ ನುಸಿಯೇ. 30 ಡಿಗ್ರಿಯ ಒಣ ಹವೆಯಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ಅದಕ್ಕೆ ಒಂದು ವಾರ ಸಾಕು, ಆದ್ದರಿಂದ ನಾಳೆ ಮಾಡೋಣ ಎನ್ನಬೇಡಿ. ನಸುಕಿನಲ್ಲಿ ಎಲೆಯ ಅಡಿಭಾಗಕ್ಕೆ ನೀರನ್ನು ಜೋರಾಗಿ ಹೊಡೆದು ತೊಳೆಯಿರಿ. ಮೊಟ್ಟೆ ಒಡೆದು ಹೊಸವು ಬರುತ್ತಲೇ ಇರುತ್ತವೆ, ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ, ಎರಡು ವಾರ ಬಿಡದೆ ತೊಳೆಯಬೇಕು. ಬೇವಿನೆಣ್ಣೆ, ಸೋಪಿನ ನೀರು ಸಿಂಪಡಿಸುವುದಾದರೆ ಬಿಸಿಲು ಇಳಿದ ಮೇಲೆ, ಮೊದಲು ಒಂದೆರಡು ಎಲೆಗೆ ಹಾಕಿ ಒಂದು ದಿನ ನೋಡಿ. 32 ಡಿಗ್ರಿ ಮೀರಿದ ಹೊತ್ತಿನಲ್ಲಿ ಎಣ್ಣೆಯೂ ಗಂಧಕವೂ ಎಲೆ ಸುಡುತ್ತವೆ.

ಎಲೆಯ ಅಂಚು ಮಾತ್ರ ಕಂದಾಗಿ ಸುಟ್ಟಂತಿದ್ದು, ಕುಂಡದ ಮಣ್ಣಿನ ಮೇಲೆ ಬಿಳಿ ಪೊರೆ ಇದ್ದರೆ ಉಪ್ಪಿನಂಶ ಕೂಡಿದೆ. ಗೊಬ್ಬರ ನಿಲ್ಲಿಸಿ. ಕುಂಡದ ಗಾತ್ರದ ಎರಡರಷ್ಟು ನೀರನ್ನು ನಿಧಾನವಾಗಿ ಹಾಯಿಸಿ ಪೂರ್ತಿ ಬಸಿಯಲು ಬಿಡಿ.

ಕುಂಡದ ಗಿಡ ಮಾತ್ರ ಸೊರಗುತ್ತಿದೆ

ನೆಲದ ಗಿಡ ಚೆನ್ನಾಗಿದ್ದು ಕುಂಡದ್ದು ಸೊರಗಿದರೆ ಕುಂಡದ ಹೊರಮೈ ಮುಟ್ಟಿ ನೋಡಿ. ಕೈ ಇಡಲು ಆಗದಷ್ಟು ಕಾದಿದ್ದರೆ ಆ ಗೋಡೆಗೆ ಅಂಟಿದ ಬೇರುಗಳು ಬೆಂದಿವೆ. 40 ಡಿಗ್ರಿ ದಾಟಿದ ಮಣ್ಣಿನಲ್ಲಿ ಬೇರು ಕೆಲಸ ನಿಲ್ಲಿಸುತ್ತದೆ, ನೀರಿದ್ದರೂ ಎಳೆಯಲಾರದು. ಕಪ್ಪು ಪ್ಲಾಸ್ಟಿಕ್ ಕುಂಡಗಳಲ್ಲಿ ಇದು ಜಾಸ್ತಿ. ಕುಂಡಗಳನ್ನು ಒತ್ತಾಗಿ ಗುಂಪು ಮಾಡಿ, ಹೊರಸಾಲಿಗೆ ಬಿಳಿ ಬಟ್ಟೆ ಅಥವಾ ಗೋಣಿ ಸುತ್ತಿ. ಕಾದ ಕಾಂಕ್ರೀಟಿಗೆ ತಳ ತಾಗದಂತೆ ಹಲಗೆಯ ಮೇಲಿಡಿ.

ಬೀಜ ಮೊಳೆಯಲಿಲ್ಲ, ಸೊಪ್ಪು ಹೂ ಬಿಟ್ಟಿತು

ಪಾಲಕ್, ಕ್ಯಾರೆಟ್, ಲೆಟ್ಯೂಸ್ ಬೀಜಗಳಿಗೆ 30 ಡಿಗ್ರಿ ಮೀರಿದ ಮಣ್ಣು ಇಷ್ಟವಿಲ್ಲ. ಬೀಜ ಕೆಟ್ಟಿದೆ ಎಂದು ಅಂದುಕೊಳ್ಳುವ ಮೊದಲು ನೆರಳಿನ ತಟ್ಟೆಯಲ್ಲಿ ಹತ್ತು ಬೀಜ ಹಾಕಿ ನೋಡಿ. ಕೊತ್ತಂಬರಿ ಬಿಸಿಲಿಗೆ ಬೇಗ ಹೂ ಬಿಡುತ್ತದೆ, ಅದನ್ನು ತಡೆಯಲು ಹೋಗಬೇಡಿ, ಬೀಜಕ್ಕೆ ಬಿಡಿ. ಆ ಜಾಗಕ್ಕೆ ಬಸಳೆ, ದಂಟು, ಬೆಂಡೆ, ಅಲಸಂದೆ ಹಾಕಿದರೆ ಬಿಸಿಲಿನಲ್ಲೇ ಚೆನ್ನಾಗಿ ಬರುತ್ತವೆ.

ಕಾಯಿ ಕಹಿಯಾಗಿದೆ

ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಸಿಲು ಮತ್ತು ನೀರಿನ ಕೊರತೆಯಿಂದ ಸೌತೆ, ಸೋರೆ ಜಾತಿಯ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ಅಂಶ ಹೆಚ್ಚುತ್ತದೆ. ಸೌತೆಯ ತೊಟ್ಟಿನ ಕಡೆ ಸ್ವಲ್ಪ ಕಹಿ ಇದ್ದರೆ ಆ ತುದಿ ಕತ್ತರಿಸಿ, ಸಿಪ್ಪೆ ಹೆರೆದು, ಉಳಿದದ್ದರ ರುಚಿ ನೋಡಬಹುದು. ಆದರೆ ಸೋರೆಕಾಯಿ ಕಹಿಯಾಗಿದ್ದರೆ ಒಂದು ತುಂಡೂ ತಿನ್ನಬಾರದು, ಅದರ ರಸವನ್ನಂತೂ ಕುಡಿಯಲೇಬಾರದು. ವಾಂತಿ, ಭೇದಿ, ರಕ್ತದೊತ್ತಡ ಕುಸಿಯುವುದು, ಜೀವಕ್ಕೇ ಅಪಾಯ, ಎಲ್ಲ ಆಗಬಹುದು. ಬೇಯಿಸಿದರೂ ಆ ಕಹಿ ಹೋಗುವುದಿಲ್ಲ. ಅಡುಗೆಗೆ ಹೆಚ್ಚುವ ಮೊದಲು ಚಿಕ್ಕ ಚೂರು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿ ಇದ್ದರೆ ಉಗುಳಿ ಇಡೀ ಕಾಯಿ ಎಸೆಯಿರಿ. ಆ ಬಳ್ಳಿಯ ಕಾಯಿಯನ್ನು ಬೀಜಕ್ಕೂ ಇಟ್ಟುಕೊಳ್ಳಬೇಡಿ.